ಹಳಿದುಕೊಳ್ಳುವುದು ಬೇರೆ, ತಿದ್ದಿಕೊಳ್ಳುವುದು ಬೇರೆ



ಭಾರತ ಹುಣ್ಣಿಮೆ ಸಮೀಪಿಸಿತೆಂದರೆ ಹಳಿಯಾಳದ ಹಾದಿಗೆ ಬೇರೊಂದು ಕಳೆ ಬರುತ್ತದೆ. ಧಾರವಾಡ, ಬೆಳಗಾವಿ ಸೀಮೆಯ ಭಕ್ತರು ಚಕ್ಕಡಿ ಹೂಡಿಕೊಂಡು, ದಾಂಡೇಲಿಯ ಮಾರ್ಗವಾಗಿ ಜೋಯಿಡಾ ತಾಲೂಕಿನ ಉಳವಿಗೆ ಸಾಗುತ್ತಾರೆ. ಕೆಲವು ವರ್ಷಗಳ ಹಿಂದೆ ಆ ಯಾತ್ರೆಯಲ್ಲಿ ನಾವೂ ಸಕುಟುಂಬರಾಗಿ ಇದ್ದೆವು. ಆದರೆ ಮನಸ್ಸು ಹಗುರವಾಗಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ನಮ್ಮ ಮಗಳು ಹತ್ತನೆಯ ತರಗತಿಯ ಗಣಿತದಲ್ಲಿ ಅನುತ್ತೀರ್ಣಳಾಗಿದ್ದಳು. ಅಂದಿನಿಂದ, "ನಾವೇ ಗಮನ ಕೊಡಲಿಲ್ಲ, ನಾವು ಯಾತಕ್ಕೂ ಬಾರದವರು" ಎಂದು ಮನೆಯಲ್ಲಿ ನಿತ್ಯವೂ ನಮ್ಮನ್ನು ನಾವೇ ಹಳಿದುಕೊಳ್ಳುತ್ತಿದ್ದೆವು. ಅದನ್ನು ವಿನಯವೆಂದೇ ಬಗೆದಿದ್ದೆವು. ಶರಣರೂ ತಮ್ಮನ್ನು ತಾವು ಜರೆದುಕೊಂಡವರಲ್ಲವೆ ಎಂಬ ಸಮಾಧಾನ ಬೇರೆ.

ರಾತ್ರಿ ಚಕ್ಕಡಿ ಬಿಟ್ಟು ತಂಗಿದ್ದಾಗ ಮಗಳು ಮೆಲ್ಲನೆ ಕೇಳಿದಳು: "ಅಪ್ಪಾ, ನಾ ಹುಟ್ಟದಿದ್ರ ನಿಮಗ ಈ ಚಿಂತೀನೇ ಇರ್ತಿರಲಿಲ್ಲ, ಹೌದಲ್ಲ?"

ನಮಗೆ ಮಾತೇ ಹೊರಡಲಿಲ್ಲ. ನಾವು ನಮ್ಮನ್ನು ಹಳಿದುಕೊಂಡದ್ದನ್ನೆಲ್ಲ ಆ ಕೂಸು ತನ್ನ ತಲೆಯ ಮೇಲೆ ಹೊತ್ತುಕೊಂಡಿತ್ತು.

ಮರುದಿನ ಕಾಡಿನ ಇಳಿಜಾರಿನಲ್ಲಿ ನಮ್ಮ ಮುಂದಿನ ಚಕ್ಕಡಿಯ ಗಾಲಿ ವಾಲಿತು. ಗಾಲಿಯನ್ನು ಅಚ್ಚಿಗೆ ಹಿಡಿದಿಡುವ ಕಡಾಣಿ ಎಲ್ಲಿಯೋ ಕಳಚಿ ಬಿದ್ದಿತ್ತು. ಚಕ್ಕಡಿಯ ಯಜಮಾನರು ವೃದ್ಧ ಒಕ್ಕಲಿಗರು. ಇಳಿದು ನೋಡಿ, "ಮುಂಜಾನೆ ನಾ ನೋಡಬೇಕಿತ್ತು, ನೋಡಲಿಲ್ಲ. ಇರಲಿ, ಎತ್ತಿಗೆ ಏನೂ ಆಗಿಲ್ಲ. ಒಂದು ಗಟ್ಟಿ ಕಟಿಗಿ ತರ್ರಿ" ಎಂದರು. ತಪ್ಪನ್ನು ಒಂದೇ ಮಾತಿನಲ್ಲಿ ಒಪ್ಪಿಕೊಂಡರು, ಉಳಿದಿರುವುದನ್ನು ಕಂಡುಕೊಂಡರು, ಕೈಯನ್ನು ಕೆಲಸಕ್ಕೆ ಹಚ್ಚಿದರು. ಅರ್ಧ ತಾಸಿನಲ್ಲಿ ಚಕ್ಕಡಿ ಹೊರಟಿತು. ನಾವು ಹತ್ತು ತಿಂಗಳಲ್ಲಿ ಕಲಿಯದ ಪಾಠವನ್ನು ಅವರು ಆ ಅರ್ಧ ತಾಸಿನಲ್ಲಿ ಕಲಿಸಿದರು.

ಬಸವಣ್ಣನವರು ವಚನಗಳಲ್ಲಿ ತಮ್ಮ ಮನಸ್ಸಿನ ಚಂಚಲತೆಯನ್ನು ಕಠೋರವಾಗಿ ಜರೆದುಕೊಂಡದ್ದು ನಿಜ. ಆದರೆ ಹಾಗೆ ಜರೆದುಕೊಂಡವರು ಕೈಕಟ್ಟಿ ಕುಳಿತವರಲ್ಲ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಹೊಣೆ ಹೊತ್ತರು, ದಾಸೋಹ ನಡೆಸಿದರು. ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲರು. ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಆ ತಾಯಿ ಹೇಳಿದರು. ಅಕ್ಕಿ ಮರಳಿತು, ತಪ್ಪು ತೀರಿತು, ಮರುದಿನ ಕಾಯಕ ಮುಂದುವರಿಯಿತು. ಶರಣರ ಆತ್ಮವಿಮರ್ಶೆ ಕಾಯಕದಲ್ಲಿ ಕೊನೆಗೊಳ್ಳುತ್ತಿತ್ತು. ನಮ್ಮದು ನಿದ್ದೆಗೆಟ್ಟ ಹಾಸಿಗೆಯಲ್ಲಿ ಕೊನೆಗೊಳ್ಳುತ್ತಿದೆ.

ನಾವು ದರ್ಶನಕ್ಕೆ ಹೋಗುವ ಉಳವಿಯಾದರೂ ಏನು? 12ನೇ ಶತಮಾನದಲ್ಲಿ ಕಲ್ಯಾಣವು ಕೈತಪ್ಪಿದಾಗ ಚನ್ನಬಸವಣ್ಣನವರೊಡನೆ ಶರಣರು ವಚನದ ಕಟ್ಟುಗಳನ್ನು ಕಾಪಾಡಿಕೊಂಡು ಬಂದು ಸೇರಿದ ಕಾಡು ಅದು ಎಂಬುದು ನಮ್ಮ ಪರಂಪರೆಯ ನಂಬಿಕೆ. ಕಳೆದುಹೋದ ಕಲ್ಯಾಣಕ್ಕಾಗಿ ಅಳುತ್ತ ಕುಳಿತಿದ್ದರೆ ಆ ಕಟ್ಟುಗಳನ್ನು ಹೊರುವವರು ಯಾರಿದ್ದರು?

ನಮ್ಮ ಸುತ್ತಲೂ ಇಂಥ ನಿದರ್ಶನಗಳುಂಟು. ಕಾಳೀ ನದಿಯ ಹಿನ್ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿತು; ಅಲ್ಲಿಂದ ಎದ್ದವರು ಬೇರೆಡೆ ಒಲೆ ಹೂಡಿ ಬದುಕು ಕಟ್ಟಿಕೊಂಡರು. ತಾಯ್ನಾಡನ್ನು ತೊರೆದು ಬಂದ ಟಿಬೆಟ್ಟಿನ ಜನರು 1966ರಿಂದ ಮುಂಡಗೋಡದ ನೆಲದಲ್ಲಿ ಹೊಲ ಮಾಡಿದರು, ತಮ್ಮ ವಿಹಾರಗಳನ್ನು ಮತ್ತೆ ಎಬ್ಬಿಸಿದರು. ಅವರ ದುಃಖ ಸುಳ್ಳಲ್ಲ. ದುಃಖವನ್ನು ಇಟ್ಟುಕೊಂಡೇ ಅವರು ಬೆಳೆ ತೆಗೆದರು.

ಉಳವಿಯಿಂದ ಮರಳಿದ ಮೇಲೆ ನಮ್ಮ ಮನೆಯಲ್ಲಿ ಒಂದು ರೂಢಿ ಮಾಡಿಕೊಂಡೆವು. ಸಂಜೆಯ ಲಿಂಗಪೂಜೆಯ ನಂತರ ಪ್ರತಿಯೊಬ್ಬರೂ ಅಂದಿನ ಒಂದು ತಪ್ಪನ್ನು ಒಂದೇ ಮಾತಿನಲ್ಲಿ ಹೇಳಬೇಕು. ಕೈಗೂಡಿದ ಒಂದು ಕೆಲಸವನ್ನು ಹೇಳಬೇಕು. ನಾಳೆ ಮಾಡುವ ಒಂದನ್ನು ಹೇಳಬೇಕು. "ರೊಟ್ಟಿ ಸೀದವು, ಅತ್ತೆಯವರ ಔಷಧ ತಪ್ಪಲಿಲ್ಲ, ನಾಳೆ ಹಂಚು ಸ್ವಲ್ಪ ಮೊದಲೇ ಇಳಿಸುತ್ತೇನೆ" ಎಂದು ನಮ್ಮ ಮನೆಯವರು ಆರಂಭಿಸಿದರು. ಮಗಳು ನಕ್ಕಳು. ತನ್ನ ಸರದಿ ಬಂದಾಗ, ಭಿನ್ನರಾಶಿಯ ಐದು ಲೆಕ್ಕಗಳಲ್ಲಿ ಮೂರು ಸರಿಯಾದವೆಂದಳು. ಎರಡು ತಪ್ಪಿದ್ದನ್ನು ನಾವು ಕೇಳಲಿಲ್ಲ; ಅವಳೇ ಹೇಳಿದಳು.

ಆ ಬೇಸಿಗೆಯಲ್ಲಿ ಅವಳು ಪಾಸಾದಳು. ಅಂಕಗಳೇನೂ ಹೆಚ್ಚಿರಲಿಲ್ಲ. ಆದರೆ ಅಂದು ರಾತ್ರಿ ಕೇಳಿದ ಪ್ರಶ್ನೆಯನ್ನು ಅವಳು ಮತ್ತೆ ಕೇಳಲಿಲ್ಲ.

ಮನೆಯ ಮಾತಿಗೂ ಕರಗದ ಬೇಸರ ಕೆಲವರನ್ನು ವಾರಗಟ್ಟಲೆ ಹಿಡಿದಿರುವುದುಂಟು. ಅಂಥವರು ವೈದ್ಯರನ್ನು ಕಾಣಲು ಸಂಕೋಚಪಡಬಾರದು. ಧಾರವಾಡದಲ್ಲಿಯೇ ಸರಕಾರದ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಉಳಿದ ನಾವೆಲ್ಲ ಇಂದು ಸಂಜೆಯೇ ಆರಂಭಿಸೋಣ. ನಮ್ಮನ್ನು ನಾವು ಹಳಿದುಕೊಳ್ಳುವ ಮೊದಲು, ಮಕ್ಕಳು ಪಕ್ಕದಲ್ಲಿಯೇ ಕುಳಿತು ಕೇಳುತ್ತಿದ್ದಾರೆಂಬುದನ್ನು ನೆನೆಯೋಣ.