ಕ್ವಾರ್ಟರ್ ಬಾಟಲಿ ಮತ್ತು ಕರುಳಿನ ಕ್ಯಾನ್ಸರ್

ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್‌ಗೆ ಮದ್ಯಪಾನವೂ ಒಂದು ಕಾರಣ ಎಂಬುದರಲ್ಲಿ ವೈದ್ಯ ವಿಜ್ಞಾನಕ್ಕೆ ಈಗ ಅನುಮಾನ ಉಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮದ್ಯವನ್ನು ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿದ್ದು 1988ರಲ್ಲಿ. ಆಗ ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಲಿವರ್ ಇಷ್ಟೇ ಲೆಕ್ಕಕ್ಕೆ ಬಂದಿದ್ದವು. 2007ರಲ್ಲಿ ತಜ್ಞರು ಪುರಾವೆಗಳನ್ನು ಮತ್ತೆ ಜಾಲಾಡಿದಾಗ ಸ್ತನ ಮತ್ತು ದೊಡ್ಡ ಕರುಳು ಕೂಡ ಸೇರಿದವು. 2020ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಕಾಣಿಸಿಕೊಂಡ ಕ್ಯಾನ್ಸರ್‌ಗಳ ಪೈಕಿ ಸುಮಾರು 7.4 ಲಕ್ಷಕ್ಕೆ ಮದ್ಯವೇ ಹೊಣೆ ಎಂಬುದು ಅಂದಾಜು. ಅವುಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಕರುಳು ಮತ್ತು ಗುದನಾಳಕ್ಕೆ ಸೇರಿದವು.

ಚೆನ್ನೈನ ಉತ್ತರದ ತುದಿಯಲ್ಲಿರುವ ಎಣ್ಣೂರಿನಲ್ಲಿ ಕ್ಯಾನ್ಸರ್ ಎಂಬ ಮಾತು ಬಂದರೆ ಜನ ಬೆರಳು ತೋರಿಸುವುದು ಚಿಮಣಿಗಳ ಕಡೆಗೆ. ಅದಕ್ಕೆ ಕಾರಣಗಳೂ ಇವೆ. ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿ ದಶಕಗಳ ಕಾಲ ಕೊಸಸ್ತಲೈಯಾರ್ ನದಿಯ ಅಳಿವೆಗೆ ಸೇರಿದೆ. 2017ರ ಜನವರಿ 28ರಂದು ಬಂದರಿನ ಹೊರಗೆ ಎರಡು ಹಡಗುಗಳು ಡಿಕ್ಕಿಯಾಗಿ ತೈಲ ದಡಕ್ಕೆ ಬಡಿಯಿತು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯೊಂದಿಗೆ ಮತ್ತೆ ತೈಲ ಹರಿದುಬಂದು ಮೀನುಗಾರರ ದೋಣಿ, ಬಲೆ, ಮನೆಯ ಗೋಡೆಗಳಿಗೆ ಕಪ್ಪಾಗಿ ಮೆತ್ತಿಕೊಂಡಿತು. ಅದೇ ತಿಂಗಳ 26ರ ರಾತ್ರಿ ಸಮುದ್ರದೊಳಗಿನ ಕೊಳವೆಯಿಂದ ಅಮೋನಿಯಾ ಸೋರಿ, ನಿದ್ದೆಗಣ್ಣಿನ ಜನ ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಓಡಿದರು. ಹೊರಗಿನ ಗಾಳಿಯ ಮಾಲಿನ್ಯವನ್ನು ಅದೇ ಅಂತರರಾಷ್ಟ್ರೀಯ ಸಂಸ್ಥೆ ಮೊದಲ ಗುಂಪಿಗೆ ಸೇರಿಸಿದ್ದು 2013ರಲ್ಲಿ, ಮುಖ್ಯವಾಗಿ ಶ್ವಾಸಕೋಶದ ಕ್ಯಾನ್ಸರ್‌ಗಾಗಿ.

ಅದಕ್ಕೂ 25 ವರ್ಷ ಮೊದಲೇ ಆ ಪಟ್ಟಿಯಲ್ಲಿದ್ದ ಮದ್ಯ ಮಾತ್ರ ಎಣ್ಣೂರಿನ ದೂರುಗಳಲ್ಲಿ ಕಾಣುವುದಿಲ್ಲ. ಒಂದೇ ಗುಂಪಿನಲ್ಲಿವೆ ಎಂದ ಮಾತ್ರಕ್ಕೆ ಎರಡರ ಅಪಾಯ ಸಮ ಎಂದಲ್ಲ. ಗುಂಪು ಹೇಳುವುದು ಪುರಾವೆಯ ಗಟ್ಟಿತನವನ್ನು, ಅಪಾಯದ ಅಳತೆಯನ್ನಲ್ಲ. ಕಾರ್ಖಾನೆಯ ಹೊಣೆಯನ್ನು ಬಾಟಲಿಯ ಮೇಲೆ ಹೊರಿಸುವುದೂ ಸರಿಯಲ್ಲ. ಆದರೆ ಹೊಗೆ ಕಣ್ಣಿಗೆ ಬೀಳುತ್ತದೆ, ವಾಸನೆ ಮೂಗಿಗೆ ಬಡಿಯುತ್ತದೆ. ಸೀಲ್ ಮಾಡಿದ ಬಾಟಲಿ ಸರ್ಕಾರದ ಅಂಗಡಿಯಿಂದ, ಸರ್ಕಾರದ ದರದಲ್ಲಿ ಕೈಗೆ ಬರುವುದರಿಂದ ಅದರೊಳಗೂ ಅದೇ ದರ್ಜೆಯ ವಸ್ತುವಿದೆ ಎಂದು ಕುಡಿಯುವವರಿಗೆ ಹೊಳೆಯುವ ದಾರಿಯೇ ಇಲ್ಲ.

ಕುಡಿದ ಮದ್ಯ ಹೊಟ್ಟೆ ಮತ್ತು ಸಣ್ಣ ಕರುಳಿನಲ್ಲೇ ಬಹುಪಾಲು ರಕ್ತಕ್ಕೆ ಸೇರಿಬಿಡುತ್ತದೆ. ಹಾಗಿದ್ದಮೇಲೆ ದೊಡ್ಡ ಕರುಳಿಗೆ ಹಾನಿ ಹೇಗೆ ಎಂಬ ಪ್ರಶ್ನೆ ಸಹಜ. ರಕ್ತದ ಮೂಲಕವೇ ಅದು ದೊಡ್ಡ ಕರುಳನ್ನೂ ತಲುಪುತ್ತದೆ. ಅಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿವೆ. ಅವು ಮದ್ಯದ ಎಥನಾಲನ್ನು ಅಸಿಟಾಲ್ಡಿಹೈಡ್ ಎಂಬ ವಸ್ತುವಾಗಿ ಮಾರ್ಪಡಿಸುತ್ತವೆ. ಲಿವರ್‌ನಲ್ಲಾದರೆ ಈ ಅಸಿಟಾಲ್ಡಿಹೈಡ್ ಬೇಗನೆ ಒಡೆದು ನಿರುಪದ್ರವಿ ಅಸಿಟೇಟ್ ಆಗುತ್ತದೆ. ದೊಡ್ಡ ಕರುಳಿನ ಒಳಪೊರೆಗೆ ಆ ಸಾಮರ್ಥ್ಯ ಕಡಿಮೆ. ಹಾಗಾಗಿ ಅದು ಅಲ್ಲೇ ನಿಂತು ಜೀವಕೋಶದ ಡಿಎನ್‌ಎಗೆ ಅಂಟಿಕೊಳ್ಳುತ್ತದೆ, ಹಾಳಾದ ಡಿಎನ್‌ಎಯ ದುರಸ್ತಿಗೂ ಅಡ್ಡಿ ಮಾಡುತ್ತದೆ. ಸೊಪ್ಪು, ಕಾಳುಗಳಿಂದ ಸಿಗುವ ಫೋಲೇಟ್ ಎಂಬ ಜೀವಸತ್ವ ಹೊಸ ಡಿಎನ್‌ಎ ಕಟ್ಟಲು ಬೇಕು. ಕುಡಿತದಿಂದ ಅದರ ಹೀರಿಕೆಯೂ ಕುಗ್ಗುತ್ತದೆ. ದುಡಿದ ಕೂಲಿಯಲ್ಲಿ ಒಂದು ಪಾಲು ಬಾಟಲಿಗೆ ಹೋಗಿ, ಊಟದಲ್ಲಿ ಸೊಪ್ಪು-ಕಾಳು ತೆಳುವಾದ ಮನೆಯಲ್ಲಿ ಈ ಎರಡು ಪೆಟ್ಟೂ ಒಟ್ಟಿಗೇ ಬೀಳುತ್ತವೆ. ಜೊತೆಗೆ ಬೀಡಿ-ಸಿಗರೇಟು ಇದ್ದರೆ ಅದರದ್ದು ಬೇರೆ. ಒಳಪೊರೆಯಲ್ಲಿ ಎದ್ದ ಸಣ್ಣ ಗಂಟು, ವೈದ್ಯರ ಮಾತಿನ ಪಾಲಿಪ್, ಕ್ಯಾನ್ಸರ್ ಆಗಿ ಬಲಿಯಲು ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಬೇಕು. ಕಾರಣಕ್ಕೂ ಕಾಯಿಲೆಗೂ ನಡುವೆ ಇಷ್ಟು ಉದ್ದದ ಅಂತರ ಇರುವುದರಿಂದಲೇ ಇವೆರಡರ ನಂಟು ಮನೆಯವರ ಅನುಭವಕ್ಕೆ ಸಿಕ್ಕುವುದಿಲ್ಲ.

ಪ್ರಮಾಣದ ವಿಷಯಕ್ಕೆ ಬಂದರೆ, ಕ್ವಾರ್ಟರ್ ಬಾಟಲಿಯನ್ನೇ ಮುಂದಿಟ್ಟುಕೊಂಡು ಲೆಕ್ಕ ಹಾಕಬಹುದು. 180 ಮಿಲಿ ಲೀಟರಿನ ವಿಸ್ಕಿ, ಬ್ರಾಂದಿ ಅಥವಾ ರಮ್‌ನ ಲೇಬಲ್ ಮೇಲೆ ಸಾಮಾನ್ಯವಾಗಿ 42.8 ಶೇಕಡಾ ಎಂದು ಇರುತ್ತದೆ. ಅಂದರೆ ಅದರಲ್ಲಿ 77 ಮಿಲಿ ಲೀಟರ್ ಶುದ್ಧ ಎಥನಾಲ್. ತೂಕದಲ್ಲಿ ಸುಮಾರು 60 ಗ್ರಾಂ. 650 ಮಿಲಿ ಲೀಟರಿನ ಸ್ಟ್ರಾಂಗ್ ಬಿಯರ್‌ನಲ್ಲಿ, ಶೇ 7ರಿಂದ 8ರ ಲೆಕ್ಕದಲ್ಲಿ, 36ರಿಂದ 41 ಗ್ರಾಂ. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ 2018ರ ವರದಿಯಲ್ಲಿ, ದಿನಕ್ಕೆ ಸುಮಾರು 30 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಎಥನಾಲ್ ಕುಡಿದರೆ ಕರುಳಿನ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ ಎಂಬುದಕ್ಕೆ ಮನವರಿಕೆಯಾಗುವಷ್ಟು ಪುರಾವೆ ಇದೆ ಎಂದಿತು. 30 ಗ್ರಾಂ ಎಂದರೆ ಅರ್ಧ ಕ್ವಾರ್ಟರ್. ಕರ್ನಾಟಕದ ಹಳ್ಳಿ-ಪೇಟೆಗಳಲ್ಲಿ ಕೂಲಿಕಾರರು ಸಂಜೆ ಕೊಳ್ಳುವ 90 ಮಿಲಿ ಲೀಟರಿನ ಟೆಟ್ರಾ ಪ್ಯಾಕ್, ‘ನೈಂಟಿ’, ಸರಿಯಾಗಿ ಇಷ್ಟೇ. ಜನ ಕನಿಷ್ಠ ಎಂದುಕೊಂಡಿರುವ ಅಳತೆಯೇ ತಜ್ಞರು ಗೆರೆ ಎಳೆದ ಜಾಗ.

ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ದಿನದ ಪ್ರತಿ 10 ಗ್ರಾಂಗೆ ಅಪಾಯ ಸುಮಾರು ಶೇ 7ರಷ್ಟು ಏರುತ್ತದೆ. ದಿನವೂ ಕ್ವಾರ್ಟರ್ ಮುಗಿಸುವವರಿಗೆ ಅದು ಕುಡಿಯದವರ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಈ ಅಂಕಿಯನ್ನು ಹೆದರಿಸಲು ಬಳಸುವುದು ತಪ್ಪು. ಭಾರತದಲ್ಲಿ ಕರುಳಿನ ಕ್ಯಾನ್ಸರ್ ಪ್ರಮಾಣ ಯುರೋಪಿಗಿಂತ ಬಹಳ ಕಡಿಮೆ. ಕಡಿಮೆ ಅಂಕಿಯ ಒಂದೂವರೆ ಪಟ್ಟು ಕೂಡ ಒಬ್ಬ ವ್ಯಕ್ತಿಯ ಮಟ್ಟಿಗೆ ಸಣ್ಣದೇ. ಆದರೆ ಈ ಕಡಿಮೆ ಅಂಕಿ ನಿಂತಲ್ಲಿ ನಿಂತಿಲ್ಲ. 1982ರಿಂದ ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆಯೂ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಇಡುತ್ತಾ ಬಂದಿರುವ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿಗಳು ಎರಡೂ ನಗರಗಳಲ್ಲಿ ಕರುಳಿನ ಕ್ಯಾನ್ಸರ್ ಏರುತ್ತಿರುವುದನ್ನು ದಾಖಲಿಸಿವೆ. ಅದಕ್ಕೆ ಆಹಾರ, ಬೊಜ್ಜು, ಕೂತೇ ಮಾಡುವ ಕೆಲಸ, ಎಲ್ಲವೂ ಕಾರಣ. ಇನ್ನೊಂದು ಸಂಗತಿ ಕುಡಿಯುವ ರೀತಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ತಮಿಳುನಾಡಿನಲ್ಲಿ ನಾಲ್ವರು ಗಂಡಸರಲ್ಲಿ ಒಬ್ಬರು ಕುಡಿಯುತ್ತಾರೆ, ಮೂವರು ಮುಟ್ಟುವುದಿಲ್ಲ. ಇಡೀ ರಾಜ್ಯದ ಸರಾಸರಿ ತೆಗೆದರೆ ಸೌಮ್ಯವಾಗಿ ಕಾಣುವ ಸೇವನೆ ಆ ಒಬ್ಬರ ಮೇಲೆ ರಾಶಿ ಬಿದ್ದಿರುತ್ತದೆ. ಪಾಳಿ ಮುಗಿಸಿ ಬಂದ ಕಾರ್ಮಿಕ ಊಟದ ಜೊತೆ ಗುಟುಕರಿಸುವುದಿಲ್ಲ. ನೀರು ಬೆರೆಸಿ, ನಿಂತಲ್ಲೇ ಕ್ವಾರ್ಟರ್ ಮುಗಿಸುತ್ತಾನೆ.

ಮದ್ಯದ ಬಗ್ಗೆ ತಮಿಳುನಾಡಿನಲ್ಲೂ ಕರ್ನಾಟಕದಲ್ಲೂ ಮಾತು ಕಡಿಮೆಯಾಗಿಲ್ಲ. ರಾಜಾಜಿ ಸೇಲಂನಲ್ಲಿ ಪಾನನಿಷೇಧ ತಂದದ್ದು 1937ರ ಅಕ್ಟೋಬರ್ 1ರಂದು. ‘ಕುಡಿ ಕುಡಿಯೈ ಕೆಡುಕ್ಕುಂ’ ಎಂಬ ತಮಿಳು ಮಾತು, ಕುಡಿತ ಕುಟುಂಬವನ್ನು ಕೆಡಿಸುತ್ತದೆ ಎಂದು, ಪ್ರತಿ ಮನೆಗೂ ಗೊತ್ತು. ಕನ್ನಡದಲ್ಲೂ ‘ಕುಡಿ’ ಎಂದರೆ ಪಾನವೂ ಹೌದು, ವಂಶದ ಚಿಗುರೂ ಹೌದು; ಆ ಮಾತು ಇಲ್ಲಿಯೂ ಹಾಗೆಯೇ ನಾಟುತ್ತದೆ. ಕರ್ನಾಟಕ 2007ರ ಜುಲೈ 1ರಂದು ಸಾರಾಯಿ ನಿಲ್ಲಿಸಿತು. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಬಂದರು. ಈ ಎಲ್ಲದರ ಹಿಂದಿರುವುದು ಮನೆಯ ನೆಮ್ಮದಿ, ಹೊಡೆತ-ಬಡಿತ, ಸಾಲದ ಸಂಕಟ. ಅವು ನಿಜವಾದ ಸಂಕಟಗಳು. ಆದರೆ ಈ ಮಾತಿನ ಧಾಟಿಯಿಂದ ಒಂದು ತಪ್ಪು ತಿಳಿವಳಿಕೆಯೂ ಬೆಳೆದಿದೆ: ಹೆಂಡತಿಗೆ ಹೊಡೆಯದ, ಕೆಲಸ ತಪ್ಪಿಸದ, ‘ಲಿಮಿಟ್‌ನಲ್ಲಿ’ ಕುಡಿಯುವ ಗೃಹಸ್ಥನಿಗೆ ಇದು ಯಾವುದೂ ಅನ್ವಯಿಸುವುದಿಲ್ಲ ಎಂಬುದು. ಕರುಳಿನ ಒಳಪೊರೆಗೆ ಕುಡುಕ ಮತ್ತು ಗೃಹಸ್ಥ ಎಂಬ ವ್ಯತ್ಯಾಸ ಗೊತ್ತಿಲ್ಲ.

ಕಳ್ಳಭಟ್ಟಿಯ ದುರಂತಗಳೂ ಹೀಗೆಯೇ ಜನರ ಗಮನವನ್ನು ಬೇರೆಡೆಗೆ ಎಳೆದಿವೆ. 2024ರ ಜೂನ್‌ನಲ್ಲಿ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು, ಕೊಂದದ್ದು ಮೆಥನಾಲ್. ಅದರಿಂದ ಹುಟ್ಟುವ ತೀರ್ಮಾನ, ‘ಕಲಬೆರಕೆ ಬೇಡ, ಅಂಗಡಿಯ ಸರಕು ಸುರಕ್ಷಿತ’ ಎಂಬುದು. ಮೆಥನಾಲ್ ವಿಷಯದಲ್ಲಿ ಅದು ಸರಿ. ಆದರೆ ಕ್ಯಾನ್ಸರ್ ತರುವುದು ಎಥನಾಲೇ. ದುಬಾರಿ ಸ್ಕಾಚ್, ಅಗ್ಗದ ಬ್ರಾಂದಿ, ವೈನ್, ಬಿಯರ್ ಎಲ್ಲದರಲ್ಲೂ ಇರುವುದು ಅದೇ.

ತಮಿಳುನಾಡಿನಲ್ಲಿ 2003ರಿಂದ ಚಿಲ್ಲರೆ ಮಾರಾಟವೂ ಸರ್ಕಾರದ ಟಾಸ್ಮಾಕ್ ಕೈಯಲ್ಲಿದೆ. 2023–24ರಲ್ಲಿ ಅದರಿಂದ ಬಂದ ವರಮಾನ 45 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಕರ್ನಾಟಕದಲ್ಲಿ ಸಗಟು ವ್ಯಾಪಾರ ಸರ್ಕಾರದ ಪಾನೀಯ ನಿಗಮದ್ದು. ಅಬಕಾರಿ ವರಮಾನ ವರ್ಷಕ್ಕೆ 30 ಸಾವಿರ ಕೋಟಿ ದಾಟಿದೆ. ಮಾರುವವರಿಗೆ ಗೊತ್ತಿರುವ ಅಪಾಯವನ್ನು ಕೊಳ್ಳುವವರಿಗೆ ಹೇಳಬೇಕಾದದ್ದು ಯಾವ ವ್ಯಾಪಾರದಲ್ಲೂ ಮೊದಲ ನ್ಯಾಯ. ಮಾರುವುದು ಸರ್ಕಾರವೇ ಆದಾಗ ಆ ಹೊಣೆ ಇನ್ನೂ ಭಾರವಾಗಬೇಕು. ಬಾಟಲಿಯ ಮೇಲೆ ಕಡ್ಡಾಯವಾಗಿರುವ ಎಚ್ಚರಿಕೆ, ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮದಂತೆ, ಮದ್ಯಪಾನ ಆರೋಗ್ಯಕ್ಕೆ ಹಾನಿಕರ, ಕುಡಿದು ವಾಹನ ಓಡಿಸಬೇಡಿ ಎಂಬಷ್ಟೇ. ಕ್ಯಾನ್ಸರ್ ಎಂಬ ಪದವಿಲ್ಲ. ಮದ್ಯದಂತೆಯೇ ಮೊದಲ ಗುಂಪಿನ ಪಟ್ಟಿಯಲ್ಲಿರುವ ತಂಬಾಕಿನ ಪೊಟ್ಟಣದ ಶೇ 85 ಭಾಗವನ್ನು ಎಚ್ಚರಿಕೆಯೇ ತುಂಬಿದೆ.

ಈ ಮಾತನ್ನು ದೊಡ್ಡ ದನಿಯಲ್ಲಿ ಎತ್ತಿದವರಲ್ಲಿ ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿ ಒಬ್ಬರು. ಅಮೆರಿಕದ ಸರ್ಜನ್ ಜನರಲ್ ಆಗಿದ್ದ ಅವರು 2025ರ ಜನವರಿ 3ರಂದು ಹೊರಡಿಸಿದ ಸೂಚನೆಯಲ್ಲಿ, ಮದ್ಯ ಏಳು ಬಗೆಯ ಕ್ಯಾನ್ಸರ್‌ಗೆ ಕಾರಣ, ಬಾಟಲಿಯ ಮೇಲೆ ಅದನ್ನು ಬರೆಯಬೇಕು ಎಂದರು. ಐರ್ಲೆಂಡ್ 2023ರಲ್ಲೇ ಅಂಥ ನಿಯಮಕ್ಕೆ ಸಹಿ ಹಾಕಿತು, ಆದರೆ ಜಾರಿಯನ್ನು 2028ಕ್ಕೆ ಮುಂದೂಡಿದೆ. ಭಾರತದಲ್ಲಿ ಇದು ಆಗದ ಕೆಲಸವೇನಲ್ಲ. ಒಡೆದ ಬಾಟಲಿಗಳಿಂದ ಆನೆಗಳ ಕಾಲಿಗೆ ಗಾಯವಾಗುತ್ತದೆಂದು ಮದ್ರಾಸ್ ಹೈಕೋರ್ಟ್ ಕೇಳಿದ ಮೇಲೆ, ಟಾಸ್ಮಾಕ್ 2022ರಲ್ಲಿ ನೀಲಗಿರಿಯಲ್ಲಿ ಪ್ರತಿ ಬಾಟಲಿಗೂ ಗುರುತಿನ ಚೀಟಿ ಅಂಟಿಸಿ, 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದವರಿಗೆ ಅದನ್ನು ಮರಳಿಸಿತು. ಬಾಟಲಿ ಬಾಟಲಿಗೂ ಚೀಟಿ ಅಂಟಿಸಲು ಬಲ್ಲ ವ್ಯವಸ್ಥೆಗೆ ‘ಕರುಳಿನ ಕ್ಯಾನ್ಸರ್‌ಗೆ ಕಾರಣ’ ಎಂಬ ಸಾಲನ್ನು ತಮಿಳಿನಲ್ಲಿ, ಕನ್ನಡದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕುವುದು ಕಷ್ಟವಲ್ಲ.

ಕುಡಿತ ಬಿಟ್ಟರೆ ಅಪಾಯ ಇಳಿಯುತ್ತದೆಯೇ? ಬಾಯಿ ಮತ್ತು ಅನ್ನನಾಳದ ಕ್ಯಾನ್ಸರ್ ವಿಷಯದಲ್ಲಿ ಇಳಿಯುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆ ಇದೆ ಎಂದು ಅಂತರರಾಷ್ಟ್ರೀಯ ಸಂಸ್ಥೆ 2023ರಲ್ಲಿ ಹೇಳಿತು. ಕರುಳಿನ ವಿಷಯದಲ್ಲಿ ಪುರಾವೆ ಸದ್ಯಕ್ಕೆ ಸೀಮಿತ. ದಿನವೂ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬರುವುದುಂಟು. ವೈದ್ಯರ ನಿಗಾದಲ್ಲೇ ಬಿಡಬೇಕು.

ತಡವಾಗದಂತೆ ನೋಡಿಕೊಳ್ಳಬೇಕಾದದ್ದು ರೋಗಪತ್ತೆ. ಮಲದಲ್ಲಿ ರಕ್ತ ಕಂಡರೆ ತಮಿಳಿನಲ್ಲಿ ‘ಸೂಡು’, ಕನ್ನಡದಲ್ಲಿ ‘ಉಷ್ಣ’ ಎಂದು ಮಜ್ಜಿಗೆ, ಎಳನೀರು ಕುಡಿಯುತ್ತಾರೆ. ಅದಕ್ಕೂ ಜಗ್ಗದಿದ್ದರೆ ಬಸ್ ನಿಲ್ದಾಣದ ಗೋಡೆಯ ಮೇಲಿನ ‘ಮೂಲವ್ಯಾಧಿಗೆ ಆಪರೇಷನ್ ಇಲ್ಲದೆ ಚಿಕಿತ್ಸೆ’ ಫಲಕದ ವಿಳಾಸ ಹುಡುಕುತ್ತಾರೆ. ಬಹಳಷ್ಟು ಸಲ ಅದು ಮೂಲವ್ಯಾಧಿಯೇ ಇರುತ್ತದೆ. ಆದರೆ ಪರೀಕ್ಷಿಸದೆ ಹಾಗೆಂದು ತೀರ್ಮಾನಿಸಿದ ತಿಂಗಳುಗಳಲ್ಲೇ ಕ್ಯಾನ್ಸರ್ ಕರುಳಿನ ಗೋಡೆ ದಾಟಿರಬಹುದು. ಮಲವಿಸರ್ಜನೆಯ ಅಭ್ಯಾಸ ವಾರಗಟ್ಟಲೆ ಬದಲಾಗುವುದು, ಕಾರಣವಿಲ್ಲದ ರಕ್ತಹೀನತೆ, ತೂಕ ಇಳಿಯುವುದು ಇವೂ ಸೂಚನೆಗಳೇ. ಗುದನಾಳದ ಕೆಳಭಾಗದ ಗೆಡ್ಡೆಯನ್ನು ವೈದ್ಯರು ಕೈಗವಸು ತೊಟ್ಟ ಬೆರಳಿನಿಂದಲೇ ಎರಡು ನಿಮಿಷದಲ್ಲಿ ಗುರುತಿಸಬಲ್ಲರು. ಮೇಲಿನದಕ್ಕೆ ಕೊಲೊನೊಸ್ಕೋಪಿ ಬೇಕು. ಕಣ್ಣಿಗೆ ಕಾಣದ ರಕ್ತವನ್ನು ಮಲದಲ್ಲಿ ಹುಡುಕುವ ಪರೀಕ್ಷೆ ಅಗ್ಗದ್ದು. 30 ದಾಟಿದವರಿಗಾಗಿ ಕೇಂದ್ರ ಸರ್ಕಾರ ನಡೆಸುವ ತಪಾಸಣೆ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್‌ಗಳಿವೆ, ಕರುಳಿನದ್ದಿಲ್ಲ. ಎಲ್ಲರಿಗೂ ಅಲ್ಲದಿದ್ದರೂ, ನಿತ್ಯ ಕುಡಿಯುವ 45 ದಾಟಿದವರಿಗೆ ಎಣ್ಣೂರಿನಂಥ ಕಡೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಈ ಮಲಪರೀಕ್ಷೆ ಮಾಡಿ, ರಕ್ತ ಕಂಡವರನ್ನು ರಾಯಪುರಂ ಬಳಿಯ ಸ್ಟಾನ್ಲಿ ಸರ್ಕಾರಿ ಆಸ್ಪತ್ರೆಗೆ ಕಳಿಸಬಹುದು. ಅದರ ಖರ್ಚನ್ನು ಬಾಟಲಿಯ ತೆರಿಗೆಯಿಂದಲೇ ತೆಗೆದಿಡಬೇಕು.