ಅಡಿ, ಇಂಚು, ಮೀಟರು

ಸೇರು ಎಂಬ ಒಂದೇ ಮಾತು ಒಂದು ಕಾಲಕ್ಕೆ ನಮ್ಮಲ್ಲಿ ಹಲವು ಅಳತೆಗಳನ್ನು ಸೂಚಿಸುತ್ತಿತ್ತು. ತಕ್ಕಡಿಯಲ್ಲಿ ತೂಗುವ ಸೇರು ಬೇರೆ, ರಾಗಿಯನ್ನು ಅಳೆಯುವ ಸೇರು ಬೇರೆ. ತೂಕದಲ್ಲಿಯೂ 24 ತೊಲದ ಕಚ್ಚಾ ಸೇರು ಒಂದಾದರೆ 80 ತೊಲದ ಸೇರು ಇನ್ನೊಂದು. ಈ ಗೊಂದಲದಿಂದ ಲೆಕ್ಕ ಬಲ್ಲ ವರ್ತಕನಿಗೆ ನಷ್ಟವಿರಲಿಲ್ಲ. ಸಂತೆಗೆ ಬಂದ ರೈತನಿಗಿತ್ತು. 1956ರಲ್ಲಿ ಭಾರತ ಸರ್ಕಾರವು ಶಾಸನದ ಮೂಲಕ ಮೆಟ್ರಿಕ್ ಪದ್ಧತಿಯನ್ನು ತಂದು, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿಗೊಳಿಸಿತು. ಇಂದು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಾಗಲಿ, ಚಿಂತಾಮಣಿಯ ಮಂಡಿಯಲ್ಲಾಗಲಿ ಕಿಲೋಗ್ರಾಮಿನ ಹೊರತು ಬೇರೆ ತೂಕವಿಲ್ಲ.

ಮಾರುಕಟ್ಟೆ ಒಪ್ಪಿದ್ದನ್ನು ಉದ್ಯಮಗಳು ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಇಂಚಿನ ಲೆಕ್ಕದಲ್ಲಿ ಮಾಡಿದ ಯಂತ್ರಕ್ಕೆ ಮೀಟರಿನ ಲೆಕ್ಕದ ತಿರುಪು ಕೂಡುವುದಿಲ್ಲ. ಅಳತೆ ಬದಲಾದರೆ ಅಚ್ಚು, ಕೊಳವೆ, ಬಿಡಿಭಾಗಗಳೆಲ್ಲ ಬದಲಾಗಬೇಕು. ಇದನ್ನು ಬರಿಯ ನೆಪವೆಂದು ತಳ್ಳಿಹಾಕಲಾಗದು. ರೇಷ್ಮೆಯನ್ನೇ ನೋಡಿ. ನೂಲಿನ ದಪ್ಪವನ್ನು ಇಂದಿಗೂ ಡೆನಿಯರ್ ಎಂಬ ಮಾನದಲ್ಲಿಯೇ ಹೇಳುತ್ತಾರೆ. 9,000 ಮೀಟರ್ ನೂಲು 20 ಗ್ರಾಂ ತೂಗಿದರೆ ಅದು 20 ಡೆನಿಯರ್. 1,000 ಮೀಟರಿಗೆ ಲೆಕ್ಕ ಹಾಕುವ ಟೆಕ್ಸ್ ಎಂಬ ಮಾನ ಬಂದು ದಶಕಗಳೇ ಕಳೆದಿವೆ. ಆದರೂ 20 ಎಂಬುದನ್ನು 2.22 ಎಂದು ಹೇಳಲು ಜಗತ್ತಿನ ರೇಷ್ಮೆ ವ್ಯಾಪಾರ ಒಪ್ಪಿಲ್ಲ. ಒಪ್ಪದಿದ್ದರೆ ಹಾನಿಯೂ ಇಲ್ಲ. ನೂಲು ತೆಗೆಯುವವರು, ನೇಯುವವರು, ಕೊಳ್ಳುವವರು ಎಲ್ಲರಿಗೂ ಡೆನಿಯರಿನ ಅರ್ಥ ಒಂದೇ. ಚಿಕ್ಕಬಳ್ಳಾಪುರದ ಹೂವಿನ ಮೊಳಕ್ಕೂ ನನ್ನ ತಕರಾರಿಲ್ಲ. ಹೂವಾಡಗಿತ್ತಿಯ ಮೊಳಕೈ ಕೊಳ್ಳುವವರ ಕಣ್ಣೆದುರಿಗೇ ಇರುತ್ತದೆ!

ಕೊಳವೆ ಬಾವಿಯ ಮಾತು ಹೀಗಲ್ಲ. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಸಾವಿರ ಅಡಿ ಮೀರಿ ಕೊರೆಯುವುದು ಈಗ ಸಾಮಾನ್ಯವಾಗಿದೆ. ಕೊರೆಯುವ ದರ ಅಡಿಯ ಲೆಕ್ಕದಲ್ಲಿ, ಕೊಳವೆಯ ಅಗಲ ಇಂಚಿನಲ್ಲಿ, ಮೋಟಾರಿನ ಬಲ ಎಚ್‌ಪಿಯಲ್ಲಿ. ಇವೆಲ್ಲವನ್ನೂ ಸಹಿಸಬಹುದು. ಆದರೆ ದೊರೆತ ನೀರನ್ನೂ ಇಂಚಿನಲ್ಲಿಯೇ ಹೇಳುತ್ತಾರೆ: “ಎರಡಿಂಚು ನೀರು ಬಿತ್ತು.” ಇಂಚು ಉದ್ದದ ಅಳತೆ, ನೀರಿನದಲ್ಲ. ‘ವಿ’ ಆಕಾರದ ಕಚ್ಚಿರುವ ತಗಡಿನ ಮೂಲಕ ನೀರನ್ನು ಹರಿಯಬಿಟ್ಟು, ಕಚ್ಚಿನ ತಳದಿಂದ ನೀರು ಎಷ್ಟು ಎತ್ತರಕ್ಕೆ ನಿಂತಿತೆಂದು ನೋಡುವುದರಿಂದ ಬಂದ ಲೆಕ್ಕವಿದು. ಎರಡಿಂಚು ಎಂದರೆ ಒಂದಿಂಚಿನ ಎರಡರಷ್ಟು ನೀರೆಂದು ಯಾರಾದರೂ ಭಾವಿಸುವರು. ವಾಸ್ತವದಲ್ಲಿ ಅದು ಐದರಷ್ಟಕ್ಕೂ ಮಿಗಿಲು. ಸಾಲ ಮಾಡಿ ಬಾವಿ ಕೊರೆಸಿದ ರೈತನು ತನ್ನ ಹಿಪ್ಪುನೇರಳೆ ತೋಟಕ್ಕೆ ನೀರು ಸಾಲುವುದೇ ಎಂದು ಈ ಇಂಚಿನಿಂದ ತಿಳಿಯುವ ಬಗೆ ಹೇಗೆ?

ಅಳತೆಯನ್ನು ಬದಲಿಸುವ ವೆಚ್ಚವನ್ನು ಕುರಿತು ಉದ್ಯಮಗಳು ಗಟ್ಟಿಯಾಗಿ ಮಾತನಾಡುತ್ತವೆ. ಬದಲಿಸದಿದ್ದಾಗ ಕೊಳ್ಳುವವನು ತೆರುವ ವೆಚ್ಚವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆಲೆಯನ್ನು ಪ್ರಮಾಣಿತವಲ್ಲದ ಮಾನದಲ್ಲಿ ಹೇಳಬಾರದೆಂದು 2009ರ ಕಾನೂನು ವಿಧಿಸಿದೆ. ಅಡಿಯ ದರಪಟ್ಟಿಗಳು ಮಾತ್ರ ಹಾಗೆಯೇ ಉಳಿದಿವೆ. ನೀರಿನ ಮಟ್ಟಿಗಾದರೂ ಇದನ್ನು ಸರಿಪಡಿಸಲು ಹೊಸ ಯಂತ್ರವೇನೂ ಬೇಡ. 200 ಲೀಟರಿನ ಪೀಪಾಯಿಯೊಂದು, ಗಡಿಯಾರವೊಂದು ಸಾಕು. ಪೀಪಾಯಿ 100 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 7,200 ಲೀಟರು. ಕೊರೆದವರು ತಮ್ಮ ರಸೀದಿಯಲ್ಲಿ ಆ ಅಂಕಿಯನ್ನು ಬರೆದುಕೊಡಲಿ.