ಹೆಸರು ಒಬ್ಬರದು, ಜಲಪಾತ ಇನ್ನೊಬ್ಬರದು!

ಈ ವಾರ ಮೊದಲು ಒಂದು ತಪ್ಪೊಪ್ಪಿಗೆ. ಕೆಲವು ವಾರಗಳ ಹಿಂದೆ ಇದೇ ಅಂಕಣದಲ್ಲಿ, 'ಪಿಟೀಲಿನಿಂದ ಜಲಪಾತ ಧುಮ್ಮಿಕ್ಕಿಸಿದ ಮಾಂತ್ರಿಕ ಮಾಂಟೊವಾನಿ' ಅಂತ ಗತ್ತಿನಿಂದ ಬರೆದುಬಿಟ್ಟಿದ್ದೆ. ಓದುಗ ಮಿತ್ರರೊಬ್ಬರಿಂದ ಒಂದು ಕಾರ್ಡು ಬಂತು. "ಸ್ವಾಮಿ, ಆ ಜಲಪಾತ ರೊನಾಲ್ಡ್ ಬಿಂಜ್ ಅವರದು. ಸ್ವಲ್ಪ ವಿಚಾರಿಸಿ ಬರೆಯಿರಿ." ಅಷ್ಟೇ! ಮೊದಲು ಸಿಟ್ಟು ಬಂತು. ಆಮೇಲೆ ಹುಡುಕಿ ನೋಡಿದೆ. ಕಾರ್ಡು ಬರೆದವರೇ ಸರಿ!

"ಯಾರಪ್ಪಾ ಈ ಮಾಂಟೊವಾನಿ?" ಅಂತೀರಾ? ಕೇಳಿ. 1905ರಲ್ಲಿ ಇಟಲಿಯ ವೆನಿಸ್ ನಗರದಲ್ಲಿ ಹುಟ್ಟಿದವರು. ತಂದೆ ಮಿಲಾನಿನ ಪ್ರಖ್ಯಾತ ಲಾ ಸ್ಕಾಲಾ ರಂಗಮಂದಿರದಲ್ಲಿ ಮಹಾನ್ ಟೊಸ್ಕನಿನಿಯವರ ಕೈಕೆಳಗೆ ಪಿಟೀಲು ನುಡಿಸಿದವರು. 1912ರಲ್ಲಿ ಸಂಸಾರ ಇಂಗ್ಲೆಂಡಿಗೆ ಬಂತು. ಮಗ ಲಂಡನ್ನಿನ ಹೋಟೆಲುಗಳಲ್ಲಿ ಊಟಕ್ಕೆ ಕುಳಿತವರ ಮುಂದೆ ನುಡಿಸುತ್ತಲೇ ಮೇಲೆ ಬಂದು, ತನ್ನದೇ ವಾದ್ಯವೃಂದ ಕಟ್ಟಿದರು. ಶಾಸ್ತ್ರೀಯವೂ ಅಲ್ಲ, ಜಾಝೂ ಅಲ್ಲ... ದಣಿದ ಕಿವಿಗೆ ಹಿತವಾದ ಲೈಟ್ ಮ್ಯೂಸಿಕ್. ಅದೇ ಅವರ ದಾರಿ.

1935ರಲ್ಲಿ ಈ ತಂಡಕ್ಕೆ ಬಂದವರು ಡರ್ಬಿ ಊರಿನ ಬಿಂಜ್. ಇವರು ನಮ್ಮ ಸಿನಿಮಾದವರೇ ಕಣ್ರೀ! ಮೂಕಿ ಚಿತ್ರಗಳ ಕಾಲದಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ಚಿತ್ರಮಂದಿರದಲ್ಲಿ ಆರ್ಗನ್ ನುಡಿಸುತ್ತಿದ್ದವರು. ಮಾಂಟೊವಾನಿಯವರ ತಂಡಕ್ಕೆ ಬೇಕಾದ ವಾದ್ಯಸಂಯೋಜನೆ ಬರೆದುಕೊಡುವುದು ಇವರ ಕೆಲಸವಾಯಿತು.

1951ರಲ್ಲಿ ಡೆಕ್ಕಾ ಕಂಪನಿಗೆ ಹೊಸ ರೆಕಾರ್ಡು ಆಗಬೇಕಿತ್ತು. ಸುಮಾರು 40 ಜನರ ತಂಡ, ಬಹುಪಾಲು ಪಿಟೀಲಿನ ಬಳಗವೇ. ಎಲ್ಲೂ ಕೇಳಿರದ ನಾದ ಬೇಕು! ಬಿಂಜ್ ಅವರಿಗೆ ನೆನಪಾದದ್ದು ವೆನಿಸಿನ ಸೇಂಟ್ ಮಾರ್ಕ್ಸ್ ಚರ್ಚು. ಹಳೆಯ ಕಾಲದಲ್ಲಿ ಮಾಂಟೆವರ್ಡಿ ಸಂಗೀತ ಬರೆದದ್ದು ಅಂಥ ಮಾರ್ದನಿಗೊಡುವ ಕಟ್ಟಡಕ್ಕೆ. ಆ ಮಾರ್ದನಿಯನ್ನು ಯಂತ್ರದ ಸಹಾಯವಿಲ್ಲದೆ ಕಾಗದದ ಮೇಲೇ ಬರೆದರೆ ಹೇಗೆ?

ಉಪಾಯ ನೋಡಿ. ಪಿಟೀಲಿನವರನ್ನು ಗುಂಪು ಗುಂಪು ಮಾಡಿದರು. ಹಾಡಿನ ಮೊದಲ ಸ್ವರ ಒಂದು ಗುಂಪಿಗೆ, ಎರಡನೆಯದು ಇನ್ನೊಂದಕ್ಕೆ, ಮೂರನೆಯದು ಮತ್ತೊಂದಕ್ಕೆ. ಮುಂದಿನವರು ತಮ್ಮ ಸ್ವರ ಹಿಡಿದರೂ ಹಿಂದಿನವರು ತಮ್ಮದನ್ನು ಬಿಡುವಂತಿಲ್ಲ. ಸ್ವರದ ಮೇಲೆ ಸ್ವರ ಬಿದ್ದು ಹರಿಯಬೇಕು. ಆಯಿತಲ್ಲ ಜಲಪಾತ! ತಮಾಷೆ ಏನು ಗೊತ್ತೇ? ಒಂದೊಂದೇ ಗುಂಪನ್ನು ಕೇಳಿದರೆ ಹಾಡೇ ಇಲ್ಲ, ಬರೀ ಚೂರು. ಎಲ್ಲರೂ ಸೇರಿದರೆ ಮಾತ್ರ ರಾಗ.

ಹೀಗೆ ಬಂತು 'ಶಾರ್ಮೇನ್'. ಅದೂ ಸಿನಿಮಾದ ಸೊತ್ತೇ. 1926ರ ಮೂಕಿ ಚಿತ್ರ 'ವಾಟ್ ಪ್ರೈಸ್ ಗ್ಲೋರಿ'ಗಾಗಿ ಹುಟ್ಟಿದ ಹಾಡು. ಹೊಸ ಅವತಾರದಲ್ಲಿ ಹತ್ತು ಲಕ್ಷಕ್ಕೂ ಮೀರಿ ಮಾರಾಟ! 1953ರಲ್ಲಿ 'ಮುಲಾ ರೂಜ್' ಚಿತ್ರದ ಹಾಡನ್ನು ನುಡಿಸಿದರು. ಬ್ರಿಟನ್ನಿನ ರೆಕಾರ್ಡು ಪಟ್ಟಿಯಲ್ಲಿ ಬರೀ ವಾದ್ಯಸಂಗೀತ ಮೊದಲ ಸ್ಥಾನಕ್ಕೇರಿದ್ದು ಅದೇ ಮೊದಲು. 1957ರಲ್ಲಿ ಚಿತ್ರಗೀತೆಗಳ 'ಫಿಲ್ಮ್ ಎನ್‌ಕೋರ್ಸ್' ಅಮೆರಿಕದಲ್ಲೂ ಜಯಭೇರಿ ಬಾರಿಸಿತು. ಲಕೋಟೆಯ ಮೇಲೆ ದಪ್ಪಕ್ಷರದಲ್ಲಿ ಒಂದೇ ಹೆಸರು: ಮಾಂಟೊವಾನಿ! ಬಿಂಜ್ ಯಾರು ಅಂತ ಕೇಳಿದವರೆಷ್ಟು ಮಂದಿ? ನಾನೂ ಕೇಳಿರಲಿಲ್ಲವಲ್ಲ!

ಹಾಗಂತ ಮಾಂಟೊವಾನಿಯವರನ್ನು ಖಳನಾಯಕ ಮಾಡಬೇಡಿ. ಬಿಂಜ್ ತಮ್ಮ ದಾರಿ ಹಿಡಿದ ಮೇಲೂ ಆ ನಾದವನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಾಳಾಗದಂತೆ ಕಾಪಾಡಿದವರು ಅವರೇ. ಅಷ್ಟು ಜನರನ್ನು ಒಂದೇ ಉಸಿರಿನಲ್ಲಿ ನುಡಿಸುವುದು ಹುಡುಗಾಟವಲ್ಲ. ಇನ್ನೊಂದು ವಿಚಿತ್ರ ಕೇಳಿ. 1954ರಲ್ಲಿ ಡೇವಿಡ್ ವಿಟ್‌ಫೀಲ್ಡ್ ಹಾಡಿದ 'ಕಾರಾ ಮಿಯಾ' ಬ್ರಿಟನ್ನಿನಲ್ಲಿ 10 ವಾರ ಮೊದಲ ಸ್ಥಾನ ಬಿಡಲಿಲ್ಲ. ಅದನ್ನು ರಚಿಸಿದ ಇಬ್ಬರಲ್ಲಿ ಮಾಂಟೊವಾನಿ ಒಬ್ಬರು. ಆದರೆ ಹಾಕಿಕೊಂಡ ಹೆಸರು ಟುಲಿಯೊ ಟ್ರಪಾನಿ! ಊರಿಗೆಲ್ಲ ಗೊತ್ತಿದ್ದ ಹೆಸರಿನವರು, ತಾವೇ ಬರೆದ ಹಾಡಿನಲ್ಲಿ ತಮ್ಮ ಹೆಸರನ್ನೇ ಮುಚ್ಚಿಟ್ಟರು.

ಬಿಂಜ್ ಕೂಡ ಸುಮ್ಮನೆ ಕೂರಲಿಲ್ಲ. ಅವರ 'ಸೇಲಿಂಗ್ ಬೈ' ಎಂಬ ಪುಟ್ಟ ರಚನೆಯನ್ನು ಬಿಬಿಸಿ ರೇಡಿಯೋ ನಡುರಾತ್ರಿ, ಸಮುದ್ರದ ಹವಾಮಾನ ವರದಿಗೆ ಮುಂಚೆ, ದಶಕಗಳ ಕಾಲ ನುಡಿಸಿತು. ಕತ್ತಲಲ್ಲಿ ಅದನ್ನು ಕೇಳಿದ ನಾವಿಕರಿಗೆ ಕರ್ತೃವಿನ ಹೆಸರು ಗೊತ್ತಿತ್ತೋ ಇಲ್ಲವೋ, ರಾಗವಂತೂ ಗೊತ್ತಿತ್ತು. 1979ರಲ್ಲಿ ಬಿಂಜ್ ತೀರಿಕೊಂಡರು. ವರ್ಷ ತುಂಬುವ ಮೊದಲೇ, 1980ರ ಮಾರ್ಚಿನಲ್ಲಿ, ಮಾಂಟೊವಾನಿಯವರೂ ಹೊರಟುಬಿಟ್ಟರು.

ಮೊನ್ನೆ ರಾತ್ರಿ 'ಶಾರ್ಮೇನ್' ಮತ್ತೆ ಹಾಕಿ ಕೇಳಿದೆ. ಈ ಸಲ ಜಲಪಾತದ ಬದಲು ಒಬ್ಬೊಬ್ಬರೂ ತಮ್ಮ ಪಾಲಿನ ಒಂದು ಸ್ವರ ಹಿಡಿದು ನಿಂತ ಜನರೇ ಕಂಡರು. ದೀಪ ಆರಿದೊಡನೆ ಹೀರೋ ಹೆಸರಿಗೆ ಶಿಳ್ಳೆ ಹೊಡೆಯುವ ಗೆಳೆಯರೇ, ಹೊಡೆಯಿರಿ, ಬೇಡ ಅನ್ನೋಲ್ಲ. ಆದರೆ ಟೈಟಲಿನ ಸಣ್ಣ ಅಕ್ಷರಗಳು ಓಡುವಾಗ ಒಂದು ನಿಮಿಷ ಕಣ್ಣು ಅಲ್ಲೇ ಇರಲಿ. ನಾನು ಇಡಲಿಲ್ಲ. ಅದಕ್ಕೇ ಈ ವಾರದ ಅಂಕಣ ಬಿಂಜ್ ಅವರ ಬಾಕಿ ತೀರಿಸಲು ಹೋಯಿತು. ಕಾರ್ಡು ಬರೆದ ಮಿತ್ರರಿಗೆ ನಮಸ್ಕಾರ. ಹೀಗೇ ಕಿವಿ ಹಿಂಡುತ್ತಿರಿ!